ಕಿಡಿಯ ಜಾಡು

ಪೆಟ್ರೋಲ್ ಕಾರಿನ ಎಂಜಿನ್ನಿನೊಳಗೆ ಬೆಂಕಿ ಹೊತ್ತಿಸುವ ಕಾರ್ಯ ಎಷ್ಟು ನಿಯಮಬದ್ಧವಾದುದೆಂಬುದನ್ನು ಒಂದು ಸಣ್ಣ ಲೆಕ್ಕದಿಂದಲೇ ಮನಗಾಣಬಹುದು. ಆರು ಸಿಲಿಂಡರುಗಳ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ, ಎರಡು ಸುತ್ತಿಗೆ ಆರರಂತೆ, ಸೆಕೆಂಡಿಗೆ 150 ಕಿಡಿಗಳು ಒಂದೂ ತಪ್ಪದಂತೆ, ಒಂದೂ ಹೊತ್ತು ಮೀರದಂತೆ ಹಾರಬೇಕು. ಇದರ ಮೂಲತತ್ತ್ವವನ್ನು 1831ರಲ್ಲಿಯೇ ಫ್ಯಾರಡೆ ತೋರಿಸಿಕೊಟ್ಟಿದ್ದನು: ಸುರುಳಿಯ ಮೂಲಕ ಹಾಯುವ ಅಯಸ್ಕಾಂತ ಕ್ಷೇತ್ರ ಮಾರ್ಪಟ್ಟಾಗ ಆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಎರಡು ಸುರುಳಿಗಳುಳ್ಳ ಕಾಯಿಲ್ ಎಂಬ ಭಾಗದ ಮೊದಲ ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ಥಟ್ಟನೆ ಕಡಿದೆವೆಂದರೆ, ಅದರ ಜೊತೆಯಲ್ಲಿಯೇ ಸಾವಿರಾರು ಸುತ್ತು ಸುತ್ತಿರುವ ಎರಡನೆಯ ಸುರುಳಿಯಲ್ಲಿ 20,000 ವೋಲ್ಟುಗಳಷ್ಟು ಒತ್ತಡ ಉಂಟಾಗಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಸಿಡಿಯುತ್ತದೆ.

ಹೀಗೆ ಪ್ರವಾಹವನ್ನು ಕಡಿಯುವ ಹೊಣೆಯನ್ನು ಹಿಂದಿನ ಕಾರುಗಳಲ್ಲಿ ಹೊತ್ತಿದ್ದುದು ಪಾಯಿಂಟು ಎಂಬ ಲೋಹದ ಜೋಡಿ. ಅದು ಕರಿಕಟ್ಟಿದರೆ ಕಣ್ಣಿಗೆ ಕಾಣುತ್ತಿತ್ತು. ಉಜ್ಜಿ, ಸಂದನ್ನು ಸರಿಪಡಿಸಿದರೆ ಕಾರು ಹೊರಡುತ್ತಿತ್ತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1971ರಲ್ಲಿ ಕೆಲವು ಕಾರುಗಳಲ್ಲಿಯೂ, 1973ರ ಮಾದರಿಗಳಿಂದ ಅಲ್ಲಿ ತಯಾರಾದ ತನ್ನೆಲ್ಲ ಕಾರುಗಳಲ್ಲಿಯೂ ಪಾಯಿಂಟನ್ನು ತೆಗೆದು ಅದರ ಸ್ಥಾನದಲ್ಲಿ ಟ್ರಾನ್ಸಿಸ್ಟರನ್ನು ನಿಯೋಜಿಸಿತು. ಈ ವ್ಯವಸ್ಥೆಯಲ್ಲಿ, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಸಿಲಿಂಡರಿಗೊಂದರಂತೆ ಹಲ್ಲುಗಳುಳ್ಳ ಕಬ್ಬಿಣದ ಚಕ್ರವೊಂದು ತಿರುಗುತ್ತದೆ. ಪ್ರತಿಯೊಂದು ಹಲ್ಲೂ ಅಯಸ್ಕಾಂತದೊಡನೆ ಕುಳಿತಿರುವ ಪಿಕಪ್ ಕಾಯಿಲಿನ ಮುಂದೆ ಹಾದುಹೋದಂತೆ, ಅದೇ ಫ್ಯಾರಡೆಯ ತತ್ತ್ವದಿಂದ ಕ್ಷೀಣವಾದ ಸ್ಪಂದನವೊಂದು ಹುಟ್ಟುತ್ತದೆ. ಆ ಸಂಜ್ಞೆಯನ್ನು ಪಡೆದ, ಟ್ರಾನ್ಸಿಸ್ಟರನ್ನು ಹೊತ್ತ ಕಂಟ್ರೋಲ್ ಯೂನಿಟ್ ಎಂಬ ಪೆಟ್ಟಿಗೆಯು ಪ್ರವಾಹವನ್ನು ಕಡಿಯುತ್ತದೆ. ಉಜ್ಜಿ ಸವೆಯುವ ಭಾಗ ಇಲ್ಲವಾಯಿತು. ಆದರೆ ಅದರೊಡನೆ ಕಣ್ಣಿಗೆ ಕಾಣುವ ದೋಷವೂ ಇಲ್ಲವಾಯಿತು. ಆದುದರಿಂದ ಇಂಥ ಕಾರು ಕೆಟ್ಟುನಿಂತಾಗ ನೋಟಕ್ಕಿಂತ ವಿಚಾರ ಮುಂದಾಗಬೇಕು. ದೋಷವು ಯಾವ ಹೊತ್ತಿನಲ್ಲಿ ತೋರುತ್ತದೆಂಬುದನ್ನು ಗಮನಿಸಿದವನಿಗೆ ಅದು ಎಲ್ಲಿ ಅಡಗಿದೆಯೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ.

ಕೀಲಿಯನ್ನು ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ನು ಹೊತ್ತಿಕೊಂಡು, ಕೈಬಿಟ್ಟೊಡನೆ ಆರಿಹೋಗುತ್ತದೆಂದಿಟ್ಟುಕೊಳ್ಳೋಣ. ಸ್ಟಾರ್ಟರು ತಿರುಗುವಾಗ ಬ್ಯಾಟರಿಯ ವಿದ್ಯುತ್ತು ಬೇರೊಂದು ತಂತಿಯಿಂದ ಕಾಯಿಲಿಗೆ ನೇರವಾಗಿ ಬರುತ್ತದೆ. ಕೀಲಿ ಹಿಂದೆ ಸರಿದ ಮೇಲಾದರೋ ಅದು ಬ್ಯಾಲಸ್ಟ್ ರೆಸಿಸ್ಟರ್ ಎಂಬ, ಪಿಂಗಾಣಿಯ ಮೈಯೊಳಗೆ ತಂತಿಯನ್ನು ಅಡಗಿಸಿಟ್ಟ ಬೆರಳುದ್ದದ ತುಂಡಿನ ಮೂಲಕವೇ ಬರಬೇಕು. ಆ ತಂತಿ ಕಡಿದಿದ್ದರೆ ಮೊದಲನೆಯ ದಾರಿ ತೆರೆದೇ ಇರುತ್ತದೆ, ಎರಡನೆಯದು ಮುಚ್ಚಿರುತ್ತದೆ. ಈ ಕಾರುಗಳನ್ನು ಬಲ್ಲವರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಂಥದೊಂದನ್ನು ಸದಾ ಇಟ್ಟುಕೊಂಡಿರುವುದು ಈ ಕಾರಣದಿಂದಲೇ.

ತಣ್ಣಗಿರುವಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಅರ್ಧ ಗಂಟೆ ಆರಲು ಬಿಟ್ಟರೆ ಮತ್ತೆ ಹೊರಡುವ ಕಾರಿನಲ್ಲಿ, ಕಾವಿಗೆ ಹಿಗ್ಗಿ ಬೇರ್ಪಡುವ ಸಂಪರ್ಕವನ್ನು ಅರಸತಕ್ಕದ್ದು: ಅದು ಕಂಟ್ರೋಲ್ ಯೂನಿಟ್ಟಿನಲ್ಲಿರಬಹುದು, ಪಿಕಪ್ಪಿನಲ್ಲಿಯೂ ಇರಬಹುದು. ಪಿಕಪ್ಪಿನ ಎರಡು ತಂತಿಗಳಿಗೆ ಮೀಟರನ್ನು ಹಚ್ಚಿದರೆ 150ರಿಂದ 900 ಓಮ್‌ಗಳೊಳಗಿನ ರೋಧ ಕಾಣಬೇಕು. ಪಿಕಪ್ಪು ಕುಳಿತಿರುವ ತಟ್ಟೆಯು ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ಸೆಳೆತಕ್ಕೆ ತಕ್ಕಂತೆ ಹಿಂದೆ ಮುಂದೆ ತಿರುಗುತ್ತಿರುವುದರಿಂದ, ವರ್ಷಗಟ್ಟಲೆ ಬಾಗಿ ಬಾಗಿ ತಂತಿಯು ಹೊದಿಕೆಯೊಳಗೇ ತುಂಡಾಗಿರುವುದುಂಟು. ಆದುದರಿಂದ ಅಳೆಯುವಾಗ ತಂತಿಯನ್ನು ಮೆಲ್ಲನೆ ಅಲ್ಲಾಡಿಸುತ್ತಲೇ ಮೀಟರಿನ ಮುಳ್ಳನ್ನು ನೋಡಬೇಕು. ಹಲ್ಲಿಗೂ ಪಿಕಪ್ಪಿಗೂ ನಡುವಣ ಸಂದು ಒಂದು ಅಂಗುಲದ ಸಾವಿರದಲ್ಲಿ ಎಂಟು ಭಾಗ, ಅಂದರೆ ಸುಮಾರು 0.2 ಮಿಲಿಮೀಟರು. ಇದನ್ನು ಅಳೆಯಲು ಹಿತ್ತಾಳೆಯ ಫೀಲರ್ ಗೇಜೇ ಬೇಕು. ಉಕ್ಕಿನದಾದರೆ ಅಯಸ್ಕಾಂತವು ಅದನ್ನು ಸೆಳೆದುಕೊಂಡು, ಸಂದು ಸರಿಯಿದ್ದರೂ ಬಿಗಿಯಾಗಿರುವಂತೆ ಕೈಗೆ ತೋರುತ್ತದೆ.

ಕಿಡಿಯೇ ಇಲ್ಲದ ಪಕ್ಷದಲ್ಲಿ ಬೆಲೆಬಾಳುವ ಭಾಗವನ್ನು ಶಂಕಿಸುವ ಮುನ್ನ ಅತ್ಯಂತ ಸಾಮಾನ್ಯವಾದುದನ್ನು ಪರೀಕ್ಷಿಸುವುದು ವಿಹಿತ. ಕೀಲಿಯನ್ನು ಪೂರ್ತಿಯಾಗಿ ಆರಿಸಿದ ಮೇಲೆಯೇ ಕಂಟ್ರೋಲ್ ಯೂನಿಟ್ಟಿಗೆ ಕೈಹಚ್ಚಬೇಕು, ಏಕೆಂದರೆ ಅದರ ಮೇಲೆ ತೆರೆದು ಕಾಣುವ ಟ್ರಾನ್ಸಿಸ್ಟರು ಬಲವಾದ ಆಘಾತವನ್ನು ಕೊಡಬಲ್ಲುದು. ಈ ಪೆಟ್ಟಿಗೆಗೆ ಅರ್ತ್ ದೊರೆಯುವುದು ಅದನ್ನು ಕಾರಿನ ಮೈಗೆ ಬಿಗಿದಿರುವ ತಿರುಪುಗಳಿಂದ. ಆ ತಿರುಪುಗಳ ಅಡಿಯಲ್ಲಿ ತುಕ್ಕು ಹಿಡಿದಿದ್ದರೆ, ಇಲ್ಲವೇ ಯಾರೋ ಅಂದಕ್ಕೆಂದು ಬಣ್ಣ ಬಳಿದಿದ್ದರೆ, ಪ್ರವಾಹಕ್ಕೆ ಮರಳುವ ದಾರಿ ಇಲ್ಲವಾಗಿ, ಪೆಟ್ಟಿಗೆಯು ನಿರ್ದೋಷಿಯಾಗಿದ್ದರೂ ಮೂಕವಾಗುತ್ತದೆ. ಅದನ್ನು ಬಿಚ್ಚಿ, ಮರಳುಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದು, ಕಾಯಿಲಿನ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ಕಿತ್ತು, ರಬ್ಬರು ಹೊದಿಸಿದ ಇಕ್ಕಳದಲ್ಲಿ ಅದರ ತುದಿಯನ್ನು ಎಂಜಿನ್ನಿನ ಮೈಯಿಂದ ಅರ್ಧ ಸೆಂಟಿಮೀಟರಿನಷ್ಟು ದೂರದಲ್ಲಿ ಹಿಡಿದು ಸ್ಟಾರ್ಟರನ್ನು ತಿರುಗಿಸಲು ಹೇಳಿದಾಗ, ಚಟಚಟನೆ ಸದ್ದು ಮಾಡುತ್ತ ನೀಲಿ ಕಿಡಿ ಹಾರಿತೆಂದರೆ, ಪಾಯಿಂಟಿನ ಕಾಲದಲ್ಲಿ ಪ್ರಯೋಜನಕ್ಕೆ ಬರುತ್ತಿದ್ದ ಮರಳುಕಾಗದವೇ ಟ್ರಾನ್ಸಿಸ್ಟರಿನ ಕಾಲದಲ್ಲಿಯೂ ಸಾಕಾಯಿತೆಂದು ತಿಳಿಯಬೇಕು. ಎಲ್ಲಿ ಉಜ್ಜಬೇಕೆಂಬುದನ್ನು ಕಂಡುಕೊಟ್ಟದ್ದು ಮಾತ್ರ ಈ ಬಾರಿ ಕಣ್ಣಲ್ಲ, ವಿಚಾರ.