ಎಷ್ಟು ಮಳೆ ಬಂತು ಅನ್ನೋದಕ್ಕಿಂತ ಯಾವಾಗ ಬಂತು?

ಮೀನಾ ಅಲ್ ಅಹ್ಮದಿ ಎಂದರೆ ಎಲ್ಲರಿಗೂ ನೆನಪಾಗುವುದು ಎಣ್ಣೆ ಹಡಗುಗಳು. ಆದರೆ ಕುವೈತ್‌ನ ಕುಡಿಯುವ ನೀರಿನ ಹೊಸ ಅಧ್ಯಾಯ ಶುರುವಾದದ್ದೂ ಇಲ್ಲೇ. 1951ರಲ್ಲಿ ಕುವೈತ್ ಆಯಿಲ್ ಕಂಪನಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕವನ್ನು ಈ ಬಂದರಿನಲ್ಲಿ ಹಾಕಿತು. ಅದಕ್ಕೂ ಮುಂಚೆ ಶತ್ ಅಲ್ ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ನೀರು ತರುತ್ತಿದ್ದರು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 11 ಸೆಂ.ಮೀ. ಆಸುಪಾಸು ಅಷ್ಟೇ. ಆದರೂ ನಲ್ಲಿಯಲ್ಲಿ ನೀರು ಬರುತ್ತೆ. ಊರಿನಲ್ಲಿರುವ ನಮ್ಮ ಹೊಲಗಳಿಗೆ ಇಂಥ ಅನುಕೂಲ ಇಲ್ಲ, ಅವು ಮಳೆಯನ್ನೇ ನಂಬಿವೆ.

ಹಾಗಾದರೆ ಊರಲ್ಲಿ ಮಳೆ ನಿಜವಾಗಲೂ ಕಡಿಮೆಯಾಗ್ತಾ ಇದೆಯಾ? ಒಂದೆರಡು ವರ್ಷ ನೋಡಿ ಇದನ್ನು ಹೇಳೋಕೆ ಆಗಲ್ಲ. ಭಾರತದ ಹವಾಮಾನ ಇಲಾಖೆ 50 ವರ್ಷಗಳ ಸರಾಸರಿ ಹಿಡಿಯುತ್ತದೆ. 1961-2010ರ ಲೆಕ್ಕದಲ್ಲಿ ದೇಶದ ಮುಂಗಾರು ಸರಾಸರಿ 880.6 ಮಿ.ಮೀ. ಇತ್ತು, 1971-2020ರ ಲೆಕ್ಕದಲ್ಲಿ 868.6 ಮಿ.ಮೀ. ಆಯಿತು. ಇಳಿದದ್ದು 12 ಮಿ.ಮೀ. ಮಾತ್ರ. ಅಂದರೆ ರೈತನ ಕಷ್ಟವೆಲ್ಲ ಈ ಒಂದು ಅಂಕಿಯಲ್ಲಿ ಕಾಣೋದಿಲ್ಲ.

ಚಿತ್ರದುರ್ಗ ಜಿಲ್ಲೆ ಹಿರಿಯೂರಿನ ವಾಣಿ ವಿಲಾಸ ಸಾಗರವನ್ನೇ ನೋಡಿ. ಜನರ ಬಾಯಲ್ಲಿ ಅದು ಮಾರಿಕಣಿವೆ. 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅದಕ್ಕೆ ಭಾರೀ ಮಳೆಯ ಜೊತೆಗೆ ಭದ್ರಾ ನೀರೂ ಸೇರಿತ್ತು. ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಈ ಎರಡು ವರ್ಷ ಕೂಡಿಸಿ ಸರಾಸರಿ ತೆಗೆದರೆ ಎಲ್ಲಾ ಚೆನ್ನಾಗಿದೆ ಅನ್ನಿಸಿಬಿಡುತ್ತೆ!

ಇದಕ್ಕೆ ಒಂದು ಕಾರಣ ಕಾವು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಬಂದಾಗ ಒಮ್ಮೆಲೇ ಸುರಿಯೋದು, ನಡುವೆ ವಾರಗಟ್ಟಲೆ ಒಣಗೋದು ಜಾಸ್ತಿಯಾಗುತ್ತದೆ. ಆರು ದಿನ ಜಿನುಗಿದ 60 ಮಿ.ಮೀ. ಮಳೆ ಮಣ್ಣಿಗೆ ಇಂಗುತ್ತದೆ. ಅಷ್ಟೇ ಮಳೆ ಎರಡು ಗಂಟೆಯಲ್ಲಿ ಸುರಿದರೆ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ, ಆಮೇಲೆ ಎಷ್ಟು ಸುರಿದರೂ ಆ ನಷ್ಟ ತುಂಬುವುದಿಲ್ಲ. ನಮ್ಮ ಹಿರಿಯರು "ಆರಿದ್ರಾ ಹಿಡೀತಾ? ಉತ್ತರೆ ಬಂತಾ?" ಎಂದು ಮಳೆ ನಕ್ಷತ್ರದ ಹೆಸರು ಹಿಡಿದು ಕೇಳುತ್ತಿದ್ದದ್ದು ಇದಕ್ಕೇ.

ಇನ್ನೊಂದು ಸಣ್ಣ ಲೆಕ್ಕ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 50 ಸೆಂ.ಮೀ. ಬಿದ್ದರೆ 20 ಲಕ್ಷ ಲೀಟರ್! ಇದರಲ್ಲಿ ಹರಿದುಹೋಗುವ ನೀರಿನ ಒಂದು ಪಾಲನ್ನು ಹಿಡಿದಿಟ್ಟರೂ, ಮಳೆ ಕೈಕೊಟ್ಟಾಗ ಬೆಳೆಗೆ ಒಂದೆರಡು ಸಲ ನೀರು ಕೊಡಬಹುದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡಕ್ಕೆ ಒತ್ತು ಕೊಟ್ಟದ್ದು ಇದೇ ಕಾರಣಕ್ಕೆ. ಬದು, ಹೊಂಡ, ಹೂಳು ತೆಗೆದ ಕೆರೆ ಇವೆಲ್ಲ ಸುರಿದ ಮಳೆಯನ್ನು ಒಣಗುವ ವಾರಗಳಿಗೆ ಉಳಿಸಿಕೊಡುತ್ತವೆ. ಬೋರ್‌ವೆಲ್ ಹೊಸ ನೀರು ಹುಟ್ಟಿಸುವುದಿಲ್ಲ, ಇಂಗಿದ್ದನ್ನು ಮೇಲೆತ್ತುತ್ತದೆ ಅಷ್ಟೇ.

ಗಲ್ಫ್‌ನಿಂದ ನಾವು ಕಳಿಸುವ ದುಡ್ಡು ಎಷ್ಟೋ ಮನೆಗಳಲ್ಲಿ ಇನ್ನೊಂದು ಬೋರ್‌ವೆಲ್‌ಗೆ ಹೋಗುತ್ತದೆ. ಮುಂದಿನ ಸಲ ಕಳಿಸುವ ಮುನ್ನ ಮನೆಯವರನ್ನು ಒಂದು ಮಾತು ಕೇಳೋಣ: ನಮ್ಮ ಹೊಲದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗ್ತಿದೆ?