ಕೆಡುವುದಕ್ಕೂ ಒಂದು ಲೆಕ್ಕ: ವಾಡಿ ಸೀಮೆಯ ಕಲ್ಲು, ಸಿಮೆಂಟು, ಹಳಿಗಳಲ್ಲಿ ವಿಶ್ವಾಸಾರ್ಹತೆಯ ಶಾಸ್ತ್ರ

ಒಂದು ವಸ್ತು ಗೊತ್ತುಪಡಿಸಿದ ಸನ್ನಿವೇಶದಲ್ಲಿ, ಗೊತ್ತುಪಡಿಸಿದ ಅವಧಿಯವರೆಗೆ, ತನಗೆ ವಹಿಸಿದ ಕೆಲಸವನ್ನು ಕೆಡದೆ ಮಾಡಿಕೊಂಡು ಹೋಗುವ ಸಂಭವನೀಯತೆಗೆ ಎಂಜಿನಿಯರಿಂಗ್ ಪರಿಭಾಷೆಯಲ್ಲಿ ವಿಶ್ವಾಸಾರ್ಹತೆ ಎಂದು ಹೆಸರು. ಕೆಲಸ, ಸನ್ನಿವೇಶ, ಅವಧಿ, ಸಂಭವನೀಯತೆ ಎಂಬ ಈ ನಾಲ್ಕು ಅಂಗಗಳಲ್ಲಿ ಯಾವುದೊಂದನ್ನು ಬಿಟ್ಟರೂ ಮಾತು ಪೊಳ್ಳಾಗುತ್ತದೆ. ‘ಈ ಮೋಟರು ಗಟ್ಟಿ’ ಎನ್ನುವುದು ಬರಿಯ ಹೊಗಳಿಕೆ. ‘ದಿನಕ್ಕೆ ಆರು ಗಂಟೆ ನಡೆಸಿದರೆ ಇಂಥ ನೂರು ಮೋಟರುಗಳಲ್ಲಿ ತೊಂಬತ್ತು ಮೋಟರುಗಳು ಐದು ವರ್ಷದವರೆಗೆ ರಿವೈಂಡಿಂಗ್ ಕೇಳುವುದಿಲ್ಲ’ ಎನ್ನುವುದು ವಿಶ್ವಾಸಾರ್ಹತೆಯ ಹೇಳಿಕೆ. ಅಂಗಡಿಯಲ್ಲಿ ಕೊಳ್ಳುವ ದಿನ ವಸ್ತು ಹೇಗಿದೆ ಎಂಬುದನ್ನು ಗುಣಮಟ್ಟ ಹೇಳಿದರೆ, ಆ ಗುಣ ಎಷ್ಟು ದಿನ ಉಳಿದೀತು ಎಂಬುದನ್ನು ವಿಶ್ವಾಸಾರ್ಹತೆ ಹೇಳುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ರೇಡಿಯೊ, ರೇಡಾರ್‌ಗಳ ನಿರ್ವಾತ ನಳಿಕೆಗಳು ಮೇಲಿಂದ ಮೇಲೆ ಕೆಟ್ಟು ತೊಂದರೆ ಕೊಟ್ಟದ್ದರಿಂದ ಈ ವಿದ್ಯೆ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಅಮೆರಿಕದ ರಕ್ಷಣಾ ಇಲಾಖೆ 1952ರಲ್ಲಿ ನೇಮಿಸಿದ ಸಲಹಾ ಮಂಡಳಿಯು 1957ರಲ್ಲಿ ಕೊಟ್ಟ ವರದಿ ಅದಕ್ಕೆ ತಳಹದಿಯಾಯಿತು. ಆದರೆ ಅದರ ಮೂಲತತ್ತ್ವಗಳನ್ನು ನೋಡಲು ಕ್ಷಿಪಣಿಗಳವರೆಗೆ ಹೋಗಬೇಕಾಗಿಲ್ಲ. ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೀಮೆ ಹಾಸುಗಲ್ಲು, ಸಿಮೆಂಟು ಮತ್ತು ರೈಲು ಎಂಬ ಮೂರು ಕಸುಬುಗಳನ್ನು ನೆಚ್ಚಿಕೊಂಡು ಬೆಳೆದದ್ದು. ಈ ಮೂರೂ ಕೆಡುವ ರೀತಿ ಬೇರೆ ಬೇರೆಯಾದ್ದರಿಂದ, ಮೂರೂ ಕೂಡಿ ಈ ಶಾಸ್ತ್ರದ ಬಹುಪಾಲನ್ನು ಕಣ್ಣೆದುರಿಗೆ ತರುತ್ತವೆ.

ಹಾಸುಗಲ್ಲಿನ ದುರ್ಬಲ ಎಳೆ

ಭೀಮಾ ನದಿಯ ಸೀಮೆಯ ಸುಣ್ಣಕಲ್ಲು ಪದರ ಪದರವಾಗಿ ಏಳುವುದರಿಂದ, ಹೆಚ್ಚು ಕೆತ್ತನೆಯಿಲ್ಲದೆ ಚಪ್ಪಟೆ ಹಾಸುಗಲ್ಲಾಗಿ, ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ದೇಶದ ಎಷ್ಟೋ ಮನೆಗಳ ನೆಲ, ಅಡುಗೆಕಟ್ಟೆ, ಅಂಗಳಗಳನ್ನು ಸೇರಿದೆ. ಒಂದೇ ಗಣಿಯ ಒಂದೇ ಪದರದಿಂದ, ಒಂದೇ ಅಳತೆಗೆ ಕತ್ತರಿಸಿದ ನೂರು ಹಾಸುಗಲ್ಲುಗಳನ್ನು ಎರಡು ತುದಿಗೆ ಆಧಾರ ಕೊಟ್ಟು ನಡುವೆ ಭಾರ ಹೇರುತ್ತ ಹೋದರೆ, ಅವೆಲ್ಲ ಒಂದೇ ಭಾರಕ್ಕೆ ಮುರಿಯುವುದಿಲ್ಲ. ಉಕ್ಕು ಮುರಿಯುವ ಮೊದಲು ಬಾಗಿ, ಒತ್ತಡವನ್ನು ಸುತ್ತಲಿನ ಭಾಗಗಳಿಗೆ ಹಂಚುತ್ತದೆ. ಕಲ್ಲಿಗೆ ಆ ಗುಣವಿಲ್ಲ. ಅದರೊಳಗಿನ ಅತಿ ದೊಡ್ಡ ಸೀಳು ಅಥವಾ ಮಣ್ಣೆಳೆ ಎಲ್ಲಿದೆಯೋ ಅಲ್ಲಿಂದ ಬಿರುಕು ಹೊರಟು ಕ್ಷಣದಲ್ಲಿ ಆಚೆ ಬದಿ ಮುಟ್ಟುತ್ತದೆ. ಸರಪಳಿಯ ಬಲವೆಂದರೆ ಅದರ ಅತಿ ದುರ್ಬಲ ಕೊಂಡಿಯ ಬಲ ಎಂಬುದು ಕಲ್ಲಿಗೂ ಸಲ್ಲುವ ಮಾತಾದ್ದರಿಂದ, ಕಲ್ಲು ಅಗಲವಾದಷ್ಟೂ ಅದರಲ್ಲಿ ಕೆಟ್ಟ ಎಳೆಯೊಂದು ಅಡಗಿರುವ ಸಂಭವ ಹೆಚ್ಚು.

ಈ ತತ್ತ್ವಕ್ಕೆ ಗಣಿತದ ರೂಪ ಕೊಟ್ಟವರು ಸ್ವೀಡನ್ನಿನ ವಲೋಡ್ಡಿ ವೈಬುಲ್. ವಸ್ತುಗಳ ಬಲದ ಬಗ್ಗೆ 1939ರಲ್ಲಿ ಅವರು ಮಂಡಿಸಿದ ಸಂಖ್ಯಾಶಾಸ್ತ್ರೀಯ ವಿತರಣೆ, ಅಂದರೆ ಯಾವ ಬೆಲೆ ಎಷ್ಟು ಸಲ ಕಾಣಿಸಿಕೊಂಡೀತು ಎಂಬುದರ ಸೂತ್ರ, 1951ರ ಅವರ ಪ್ರಸಿದ್ಧ ಪ್ರಬಂಧದ ಬಳಿಕ ಎಲ್ಲ ಬಗೆಯ ಯಂತ್ರಭಾಗಗಳ ಆಯುಸ್ಸನ್ನು ಅಳೆಯುವ ಸಾಮಾನ್ಯ ಸಾಧನವಾಯಿತು. ವಸ್ತುವಿನ ಸರಾಸರಿ ಬಲಕ್ಕಿಂತ ಆ ಬಲದ ಚದುರುವಿಕೆಯೇ ವಿನ್ಯಾಸಕಾರನನ್ನು ಹೆಚ್ಚು ಕಾಡುತ್ತದೆ ಎಂಬುದು ಅದರ ಮುಖ್ಯ ಪಾಠ.

ಸಿಮೆಂಟಿನ ಅಂಚು

ಅದೇ ಸುಣ್ಣಕಲ್ಲನ್ನು ಪುಡಿಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಬಂದ ಕ್ಲಿಂಕರ್ ಎಂಬ ಉಂಡೆಗಳನ್ನು ಜಿಪ್ಸಂ ಕೂಡಿಸಿ ಅರೆದಾಗ ಸಿಮೆಂಟು ಸಿದ್ಧವಾಗುತ್ತದೆ. ಅದರಿಂದ ಮಾಡಿದ ಕಾಂಕ್ರೀಟಿನ ಬಲವೂ ಕಲ್ಲಿನಂತೆಯೇ ಚದುರುತ್ತದೆ, ಏಕೆಂದರೆ ನೀರು ಒಂದು ಬಕೆಟ್ ಹೆಚ್ಚಾಗುವುದು, ಮರಳು ಹಸಿಯಾಗಿರುವುದು, ಕ್ಯೂರಿಂಗ್ ಎರಡು ದಿನ ತಪ್ಪುವುದು ಕಟ್ಟಡದ ಕೆಲಸದಲ್ಲಿ ಇದ್ದದ್ದೇ. ಈ ಚದುರುವಿಕೆಯನ್ನು ಭಾರತೀಯ ಮಾನಕಗಳು ಇಲ್ಲವೆಂದು ನಟಿಸದೆ, ಅದನ್ನೇ ಲೆಕ್ಕದೊಳಗೆ ಕೂರಿಸಿವೆ. ಎಂ-20 ಎಂಬ ಕಾಂಕ್ರೀಟ್ ದರ್ಜೆಯಲ್ಲಿ 20 ಎಂಬುದು ಸರಾಸರಿ ಬಲವಲ್ಲ, 150 ಮಿ.ಮೀ. ಅಳತೆಯ ಘನಗಳನ್ನು 28 ದಿನಗಳ ಬಳಿಕ ಅಮುಕಿ ಪರೀಕ್ಷಿಸಿದಾಗ, ಫಲಿತಾಂಶಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಯಾವ ಬೆಲೆಗಿಂತ ಕೆಳಗೆ ಬೀಳಲಾರವು ಎಂದು ನಿರೀಕ್ಷಿಸಲಾಗುತ್ತದೋ ಆ ಬೆಲೆ. ಚದುರುವಿಕೆಯ ಅಳತೆಯಾದ ಮಾನಕ ವಿಚಲನೆಯನ್ನು 4 ಎಂದು ಹಿಡಿದರೆ, 1.65ರಿಂದ ಅದನ್ನು ಗುಣಿಸಿ ಕೂಡಿಸಿ, 20ರ ಕಾಂಕ್ರೀಟಿಗೆ 26.6ರ ಗುರಿ ಇಟ್ಟು ಮಿಶ್ರಣ ಮಾಡಬೇಕಾಗುತ್ತದೆ. ಮೇಲಾಗಿ, ಕಟ್ಟಡದ ವಿನ್ಯಾಸದಲ್ಲಿ ಕಾಂಕ್ರೀಟಿನ ಬಲವನ್ನು 1.5ರಿಂದಲೂ ಉಕ್ಕಿನ ಬಲವನ್ನು 1.15ರಿಂದಲೂ ಭಾಗಿಸುವ ಕ್ರಮವಿದೆ. ಕಾರ್ಖಾನೆಯಲ್ಲಿ ತಯಾರಾಗುವ ಉಕ್ಕಿನ ಚದುರುವಿಕೆ ಕಡಿಮೆ, ಗಾರೆಯವರ ಕೈಯಲ್ಲಿ ತಯಾರಾಗುವ ಕಾಂಕ್ರೀಟಿನದು ಹೆಚ್ಚು ಎಂಬ ಅನುಭವವೇ ಈ ಎರಡು ಅಂಕಿಗಳ ಅಂತರ. ಸುರಕ್ಷತೆಯ ಅಂಚು ಎಂದು ಕರೆಯುವುದು ಹೀಗೆ ಅಜ್ಞಾನಕ್ಕೆ ಮುಂಗಡವಾಗಿ ಕಟ್ಟಿದ ಬೆಲೆಯನ್ನು.

ತಿರುಗುವ ಕುಲುಮೆಯ ಆಯುಸ್ಸು

ಸಿಮೆಂಟು ಕಾರ್ಖಾನೆಯ ಹೃದಯವೆಂದರೆ ಕಿಲ್ನ್, ಅಂದರೆ ಒಳಗೆ ಬೆಂಕಿಯಿಟ್ಟಿಗೆ ಹಾಸಿದ, ತುಸು ಓರೆಯಾಗಿ ಮಲಗಿಸಿದ, ನಿಮಿಷಕ್ಕೆ ಮೂರರಿಂದ ಐದು ಸುತ್ತು ತಿರುಗುವ ಉದ್ದನೆಯ ಉಕ್ಕಿನ ಕೊಳವೆ. ಕಲ್ಲುಪುಡಿ ತರುವ ಬೆಲ್ಟು, ಗಾಳಿ ಎಳೆಯುವ ಫ್ಯಾನು, ಬೇರಿಂಗು, ಗೇರು, ಕ್ಲಿಂಕರ್ ತಣಿಸುವ ಕೂಲರ್ ಇವೆಲ್ಲ ಒಂದರ ಹಿಂದೊಂದು ಸಾಲಾಗಿ ಜೋಡಿಸಿದವಾದ್ದರಿಂದ, ಒಂದು ನಿಂತರೆ ಎಲ್ಲವೂ ನಿಲ್ಲುತ್ತವೆ. ಇಂಥ ಸಾಲಿನ ಒಟ್ಟು ವಿಶ್ವಾಸಾರ್ಹತೆ ಭಾಗಗಳ ವಿಶ್ವಾಸಾರ್ಹತೆಗಳ ಗುಣಲಬ್ಧ ಎಂಬುದನ್ನು, ಜರ್ಮನಿಯ ವಿ-1 ಕ್ಷಿಪಣಿಯ ಕೆಲಸದಲ್ಲಿದ್ದ ಎಂಜಿನಿಯರ್ ರಾಬರ್ಟ್ ಲುಸ್ಸರ್ ಅವರ ಹೆಸರಿನಿಂದ ಲುಸ್ಸರ್ ನಿಯಮ ಎನ್ನುತ್ತಾರೆ. ನೂರಕ್ಕೆ 99 ಪಾಲು ನಂಬಬಹುದಾದ ನೂರು ಭಾಗಗಳನ್ನು ಸಾಲಾಗಿ ಜೋಡಿಸಿದರೆ, ಇಡೀ ಯಂತ್ರವನ್ನು ನಂಬಬಹುದಾದದ್ದು ನೂರಕ್ಕೆ 37 ಪಾಲು ಮಾತ್ರ.

ಭಾಗಗಳು ಕೆಡುವ ವೇಗವೂ ಆಯುಸ್ಸಿನುದ್ದಕ್ಕೂ ಒಂದೇ ಸಮನಿರುವುದಿಲ್ಲ. ಹೊಸದರಲ್ಲಿ ತಯಾರಿಕೆಯ ಮತ್ತು ಜೋಡಣೆಯ ದೋಷಗಳು ಹೊರಬಿದ್ದು ವೈಫಲ್ಯ ಹೆಚ್ಚಾಗಿರುತ್ತದೆ. ಅವು ಕಳೆದ ಮೇಲೆ ಅಪರೂಪದ ಆಕಸ್ಮಿಕಗಳಷ್ಟೇ ಉಳಿದು ದೀರ್ಘ ನೆಮ್ಮದಿಯ ಕಾಲ ಬರುತ್ತದೆ. ಕೊನೆಗೆ ಸವಕಳಿಯಿಂದ ವೈಫಲ್ಯ ಮತ್ತೆ ಏರುತ್ತದೆ. ಇದನ್ನು ನಕ್ಷೆಯಲ್ಲಿ ಬರೆದರೆ ಎರಡು ಅಂಚು ಎತ್ತರ, ನಡುವೆ ಸಪಾಟಾಗಿರುವ ಸ್ನಾನದ ತೊಟ್ಟಿಯ ಆಕಾರ ಮೂಡುವುದರಿಂದ ಅದಕ್ಕೆ ತೊಟ್ಟಿರೇಖೆ ಎಂಬ ಹೆಸರು ಒಪ್ಪುತ್ತದೆ. ಮಿಕ್ಸರ್, ಟಿವಿಗಳಿಗೆ ಕೊಡುವ ವಾರಂಟಿ ಸಾಮಾನ್ಯವಾಗಿ ಕಾಯುವುದು ಈ ತೊಟ್ಟಿಯ ಮೊದಲ ಇಳಿಜಾರನ್ನು.

ಹಾಗೆಂದು ಎಲ್ಲ ಭಾಗಗಳೂ ಈ ಮೂರು ಹಂತಗಳನ್ನು ದಾಟುವುದಿಲ್ಲ. ಅಮೆರಿಕದ ವಿಮಾನ ಸಂಸ್ಥೆಯೊಂದರ ಅನುಭವವನ್ನು ಆಧರಿಸಿ ನೋಲನ್ ಮತ್ತು ಹೀಪ್ 1978ರಲ್ಲಿ ಬರೆದ ವರದಿಯು, ವಿಮಾನದ ಭಾಗಗಳಲ್ಲಿ ಸುಮಾರು ಶೇಕಡಾ 11ರಷ್ಟು ಮಾತ್ರ ವಯಸ್ಸಾದಂತೆ ಕೆಡುವ ಲಕ್ಷಣ ತೋರುತ್ತವೆ ಎಂದು ಕಂಡುಕೊಂಡಿತು. ಆಕಸ್ಮಿಕವಾಗಿಯೇ ಕೆಡುವ ಭಾಗವನ್ನು ‘ಹಳೆಯದಾಯಿತು’ ಎಂದು ಬದಲಾಯಿಸಿದರೆ ಲಾಭವೇನೂ ಇಲ್ಲ. ಅದರ ಬದಲು ಹೊಸ ಭಾಗದ ಎಳೆತನದ ದೋಷಗಳನ್ನು ಯಂತ್ರದೊಳಗೆ ತಂದಂತಾಗುತ್ತದೆ. ಆದುದರಿಂದಲೇ ಈಗ ತಾರೀಖು ನೋಡಿ ಬಿಚ್ಚುವುದಕ್ಕಿಂತ ಯಂತ್ರದ ಸ್ಥಿತಿ ನೋಡಿ ಬಿಚ್ಚುವ ಕ್ರಮ ಹೆಚ್ಚಿದೆ. ಕಿಲ್ನ್‌ನ ಹೊರಮೈಯ ಉಷ್ಣತೆಯನ್ನು ಅವಕೆಂಪು ಕಿರಣಗಳ ಸ್ಕ್ಯಾನರ್ ಸದಾ ಅಳೆಯುತ್ತಿದ್ದು, ಎಲ್ಲಿ ಉಕ್ಕು ಅತಿಯಾಗಿ ಕಾದಿದೆಯೋ ಅಲ್ಲಿ ಒಳಗಿನ ಇಟ್ಟಿಗೆ ತೆಳುವಾಗಿದೆ ಎಂದು ಮೊದಲೇ ತಿಳಿಸುತ್ತದೆ.

ಕೆಟ್ಟದ್ದನ್ನು ಬೇಗ ಸರಿಪಡಿಸುವುದೂ ಕೆಡದಂತೆ ಕಾಯುವಷ್ಟೇ ಬೆಲೆಯುಳ್ಳದ್ದು. ಸರಾಸರಿ 1000 ಗಂಟೆಗೊಮ್ಮೆ ಕೆಟ್ಟು, ದುರಸ್ತಿಗೆ 50 ಗಂಟೆ ಹಿಡಿಯುವ ಯಂತ್ರ ಕೆಲಸಕ್ಕೆ ಸಿಗುವುದು ಒಟ್ಟು ಸಮಯದ ಶೇಕಡಾ 95.2ರಷ್ಟು; ಈ ಪ್ರಮಾಣಕ್ಕೆ ಲಭ್ಯತೆ ಎನ್ನುತ್ತಾರೆ. ಯಂತ್ರವನ್ನು ಇಮ್ಮಡಿ ಗಟ್ಟಿ ಮಾಡಿ 2000 ಗಂಟೆಗೊಮ್ಮೆ ಕೆಡುವಂತೆ ಮಾಡಿದರೂ, ಅಥವಾ ಅದನ್ನು ಹಾಗೆಯೇ ಬಿಟ್ಟು ದುರಸ್ತಿಯ ಕಾಲವನ್ನು 25 ಗಂಟೆಗೆ ಇಳಿಸಿದರೂ, ಲಭ್ಯತೆ ಏರುವುದು ಒಂದೇ ಶೇಕಡಾ 97.6ಕ್ಕೆ. ಬಿಡಿಭಾಗಗಳ ಕೋಣೆಯ ಕಪಾಟಿನಲ್ಲಿ ಸಿದ್ಧವಾಗಿರುವ ಬೇರಿಂಗು ಮತ್ತು ಅದನ್ನು ಕೂರಿಸಬಲ್ಲ ಫಿಟ್ಟರನ ಪಳಗಿದ ಕೈಗಳೂ ಹೀಗೆ ಯಂತ್ರದ ಲಭ್ಯತೆಯ ಅಂಗಗಳೇ.

ಕರೆಂಟು ಹೋದಾಗ ಕಾದ ಕಿಲ್ನ್ ನಿಂತರೆ ಕೆಳಭಾಗ ಕಾದ ರಾಶಿಯ ಬಿಸಿಯಲ್ಲಿಯೂ ಮೇಲ್ಭಾಗ ತಣ್ಣಗಾಗುತ್ತಲೂ ಉಳಿದು ಕೊಳವೆಯೇ ಬಾಗುವ ಅಪಾಯವಿರುವುದರಿಂದ, ಅದನ್ನು ಮೆಲ್ಲಗೆ ತಿರುಗಿಸಲು ಡೀಸೆಲ್ ಎಂಜಿನಿನಂಥ ಸಹಾಯಕ ಚಾಲಕವೊಂದನ್ನು ಇಟ್ಟಿರುತ್ತಾರೆ. ಒಂದೇ ಕೆಲಸಕ್ಕೆ ಎರಡನೆಯ ದಾರಿಯನ್ನು ಸಿದ್ಧವಾಗಿಡುವ ಈ ಕ್ರಮಕ್ಕೆ ಮೀಸಲು ಜೋಡಣೆ ಎನ್ನಬಹುದು. ನೂರಕ್ಕೆ 90 ಪಾಲು ನಂಬಬಹುದಾದ ಎರಡು ಪಂಪುಗಳಲ್ಲಿ ಒಂದು ನಡೆದರೂ ಸಾಕೆಂದಾದರೆ, ಎರಡೂ ಒಟ್ಟಿಗೆ ಕೈಕೊಡುವ ಸಂಭವ ನೂರಕ್ಕೆ ಒಂದು ಮಾತ್ರ. ಆದರೆ ಈ ಲೆಕ್ಕ ನಿಲ್ಲುವುದು ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲದಿದ್ದಾಗ. ಎರಡೂ ಪಂಪುಗಳು ಒಂದೇ ಟ್ರಾನ್ಸ್‌ಫಾರ್ಮರನ್ನು ನಂಬಿಕೊಂಡಿದ್ದರೆ ಪಂಪು ಎರಡಾದರೂ ದಾರಿ ಒಂದೇ. ಮೀಸಲು ಚಾಲಕವನ್ನು ವಿದ್ಯುತ್ತಿಗೆ ಬಿಡದೆ ಡೀಸೆಲ್ಲಿಗೆ ಒಪ್ಪಿಸುವುದರ ಮರ್ಮ ಇದು.

ಕೆಟ್ಟರೂ ಕೇಡಾಗದ ಹಳಿ

ಮುಂಬೈಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು; 1874ರಲ್ಲಿ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಹೈದರಾಬಾದಿನ ಕಡೆಗೆ ನಿಜಾಮ್ ಸಂಸ್ಥಾನದ ರೈಲುಮಾರ್ಗ ತೆರೆದಾಗ ವಾಡಿ ಜಂಕ್ಷನ್ ಆಯಿತು. ದಾರಿಗಳು ಕೂಡುವ ಜಂಕ್ಷನ್ನಿನಲ್ಲಿ ಒಂದು ತಪ್ಪು ಸೂಚನೆಗೆ ತೆರಬೇಕಾದ ಬೆಲೆ ಜೀವಗಳಾದ್ದರಿಂದ, ರೈಲ್ವೆಯು ಕಲ್ಲು, ಸಿಮೆಂಟುಗಳಿಗಿಂತ ಭಿನ್ನವಾದ ಪ್ರಶ್ನೆಯನ್ನು ಮುಂದಿಟ್ಟುಕೊಂಡಿತು. ಎಷ್ಟು ಸಲ ಕೆಟ್ಟೀತು ಎಂಬುದರ ಜೊತೆಗೆ, ಕೆಟ್ಟಾಗ ಯಾವ ಕಡೆಗೆ ವಾಲೀತು ಎಂಬುದು ಆ ಪ್ರಶ್ನೆ. ಹಳೆಯ ಕೈಮರದ ಸಿಗ್ನಲ್ಲಿನ ತಂತಿ ಕಡಿದರೆ ಎದುರುಭಾರದ ಎಳೆತಕ್ಕೆ ತೋಳು ತಾನಾಗಿಯೇ ‘ನಿಲ್ಲು’ ಎಂಬ ಸ್ಥಾನಕ್ಕೆ ಬರುತ್ತಿತ್ತು. ಹಳಿಯ ಮೂಲಕ ಸಣ್ಣ ವಿದ್ಯುತ್ತನ್ನು ಹರಿಸಿ ಅದರ ಬಲದಿಂದ ರಿಲೇ ಎಂಬ ಸ್ವಿಚ್ಚನ್ನು ಎತ್ತಿ ಹಿಡಿದಿರುವ ಟ್ರ್ಯಾಕ್ ಸರ್ಕ್ಯೂಟಿನಲ್ಲಿ, ಗಾಡಿಯ ಚಕ್ರಗಳು ಬಂದರೂ, ಹಳಿ ಮುರಿದು ವಿದ್ಯುತ್ತಿನ ದಾರಿ ಕಡಿದರೂ, ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ಕೆಂಪು ದೀಪ ಹತ್ತುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಸ್ವಯಂಚಾಲಿತ ಗಾಳಿಬ್ರೇಕಿನಲ್ಲಿಯೂ ಕೊಳವೆಯ ಒತ್ತಡ ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಬೋಗಿ ಕಳಚಿ ಕೊಳವೆ ಹರಿದರೆ ಒತ್ತಡ ಇಳಿದು ಎರಡೂ ತುಂಡುಗಳಿಗೆ ಬ್ರೇಕು ಬೀಳುತ್ತದೆ. ಸುಸ್ಥಿತಿಯೇ ದುಡಿಮೆಯಿಂದ ಕಾಯ್ದುಕೊಳ್ಳಬೇಕಾದ ಸ್ಥಿತಿಯಾಗಿ, ವೈಫಲ್ಯವು ತಾನಾಗಿ ಸುರಕ್ಷತೆಯ ಕಡೆಗೆ ಜಾರುವಂತೆ ಮಾಡುವುದು ಈ ವಿನ್ಯಾಸಗಳ ಜಾಣ್ಮೆ. ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಕರಗುವುದೂ ಮನೆಯ ಫ್ಯೂಸ್ ಸುಡುವುದೂ ಇದೇ ಜಾತಿಯ ವೈಫಲ್ಯಗಳು.

ಮನೆಯೊಳಗಿನ ಲೆಕ್ಕ

ಪೆಟ್ಟಿಗೆಯ ಮೇಲೆ ಅಚ್ಚಾದ ಆಯುಸ್ಸು ಪೆಟ್ಟಿಗೆಯ ಮೇಲೆ ಅಚ್ಚಾಗದ ಸನ್ನಿವೇಶಕ್ಕೆ ಕಟ್ಟುಬಿದ್ದಿರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. ಎಲ್ಇಡಿ ಬಲ್ಬಿನಲ್ಲಿ ಬೆಳಕು ಕೊಡುವ ಹರಳಿಗಿಂತ ಮೊದಲೇ ಸೋಲುವುದು ಎಷ್ಟೋ ಸಲ ಅದರ ಬುಡದಲ್ಲಿರುವ ಚಿಕ್ಕ ಕೆಪಾಸಿಟರ್. ಒಳಗಿನ ದ್ರವ ಬಿಸಿಗೆ ಆರುತ್ತ ಹೋಗುವ ಈ ಭಾಗದ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. ಗಾಳಿಯಾಡದ ಗಾಜಿನ ಗೂಡಿನಲ್ಲಿ ಬಲ್ಬನ್ನು ಬಿಗಿಯಾಗಿ ಮುಚ್ಚುವುದು, ಇನ್ವರ್ಟರಿನ ಕಿಂಡಿಗಳಲ್ಲಿ ಧೂಳು ಕೂರಲು ಬಿಡುವುದು, ಬ್ಯಾಟರಿಯನ್ನು ಬಿಸಿಲು ಬೀಳುವ ಮೂಲೆಯಲ್ಲಿಡುವುದು ಕಣ್ಣಿಗೆ ಕಾಣದಂತೆ ಆಯುಸ್ಸನ್ನು ಕಡಿಯುತ್ತವೆ.

ಅಂಕಿಗಳನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಉಪಕರಣವೊಂದರ ‘ವೈಫಲ್ಯಗಳ ನಡುವಿನ ಸರಾಸರಿ ಕಾಲ’ ಹತ್ತು ಲಕ್ಷ ಗಂಟೆ ಎಂದರೆ ಅದು 114 ವರ್ಷ ಬಾಳುತ್ತದೆ ಎಂದಲ್ಲ. ಅಂಥ ನೂರು ಉಪಕರಣಗಳನ್ನು ನೆಮ್ಮದಿಯ ನಡುಗಾಲದಲ್ಲಿ ವರ್ಷವಿಡೀ ನಡೆಸಿದರೆ ಹೆಚ್ಚುಕಡಿಮೆ ಒಂದು ಕೆಡಬಹುದು ಎಂದರ್ಥ. ಇದೇ ಸೀಮೆಯ ಕಾಗಿಣಾ ನದಿಗೆ ನೂರು ವರ್ಷಕ್ಕೊಮ್ಮೆಯ ಪ್ರವಾಹವನ್ನು ಲೆಕ್ಕಕ್ಕೆ ಹಿಡಿದು ಸೇತುವೆ ಕಟ್ಟಿದರೆಂದು ಊಹಿಸಿದರೂ, ಆ ಮಟ್ಟದ ನೆರೆ ನೂರು ವರ್ಷ ಕಳೆದೇ ಬರಬೇಕೆಂಬ ಕರಾರೇನಿಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದರ ಸಂಭವವಿರುವುದರಿಂದ ಐವತ್ತು ವರ್ಷಗಳಲ್ಲಿ ಅದು ಒಮ್ಮೆಯಾದರೂ ಬರುವ ಸಂಭವ ಶೇಕಡಾ 39ರಷ್ಟು, ನೂರು ವರ್ಷಗಳಲ್ಲಿ ಶೇಕಡಾ 63ರಷ್ಟು.

ಸನ್ನತಿಯ ಕಲ್ಲು

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದು ವಿಗ್ರಹ ಹಾಳಾದಾಗ, ಅದರ ಪೀಠವಾಗಿದ್ದ ಚಪ್ಪಡಿಯ ಮೇಲೆ ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನ ಬೆಳಕಿಗೆ ಬಂದಿತು. ಪೀಠಕ್ಕಾಗಿ ನಡುವೆ ಕೊರೆದದ್ದರಿಂದ ಅದರ ಕೆಲವು ಅಕ್ಷರಗಳು ಅಳಿದುಹೋಗಿವೆ. ಆದರೂ ವಿದ್ವಾಂಸರಿಗೆ ಅದನ್ನು ಓದಲು ಸಾಧ್ಯವಾಯಿತು, ಏಕೆಂದರೆ ಅದರಲ್ಲಿರುವ 12 ಮತ್ತು 14ನೆಯ ಶಿಲಾಶಾಸನಗಳ ಪಾಠ ಗುಜರಾತಿನ ಗಿರ್ನಾರ್ ಮೊದಲಾದ ಕಡೆಗಳಲ್ಲಿಯೂ, ಎರಡು ಪ್ರತ್ಯೇಕ ಶಾಸನಗಳ ಪಾಠ ಒಡಿಶಾದ ಧೌಲಿ, ಜೌಗಡಗಳಲ್ಲಿಯೂ ಉಳಿದಿತ್ತು. ಒಂದೇ ಮಾತನ್ನು ದೂರದೂರದ ಬಂಡೆಗಳಿಗೆ ಒಪ್ಪಿಸಿದ್ದರಿಂದ ಒಂದು ಗುಡಿಯ ಕುಸಿತವಾಗಲಿ ಒಬ್ಬ ಕಲ್ಲುಕುಟಿಗನ ಉಳಿಯಾಗಲಿ ಅದನ್ನು ಪೂರ್ತಿ ಅಳಿಸಲಾರದೆ ಹೋಯಿತು. ಒಂದೇ ಟ್ರಾನ್ಸ್‌ಫಾರ್ಮರನ್ನು ನಂಬಿದ ಎರಡು ಪಂಪುಗಳಿಗೆ ಇಲ್ಲದ ಭದ್ರತೆ ಇದು. ಹದಿನಾಲ್ಕನೆಯ ಶಾಸನದ ವಿಷಯವೇ ಈ ಬರಹಗಳ ಕುರಿತದ್ದು: ಕೆಲವೆಡೆ ಪಾಠ ಅಪೂರ್ಣವಾಗಿರಬಹುದು, ಲಿಪಿಕಾರನಿಂದ ತಪ್ಪಾಗಿರಬಹುದು ಎಂದು ಅದು ತಾನೇ ಒಪ್ಪಿಕೊಳ್ಳುತ್ತದೆ. ಬರೆಯುವವನು ತಪ್ಪುತ್ತಾನೆ ಎಂಬುದನ್ನು ಮೊದಲೇ ಬರೆದಿಟ್ಟ ಆ ಮಾತು, ಮುರಿದ ಚಾವಣಿಯ ಕೆಳಗಿನಿಂದ ಎದ್ದುಬಂದದ್ದು ಹಾಸುಗಲ್ಲು, ಸಿಮೆಂಟುಗಳ ಇದೇ ಸೀಮೆಯಲ್ಲಿ.