ಹಳೆಯ ಕಾರಿಗೆ ಹೊಸ ಇಂಜಿನು

ಎತ್ತಿನ ಗಾಡಿಗೆ ಕುದುರೆಯನ್ನು ಹೂಡಬೇಕೆಂಬವನು ಮೊದಲು ನೊಗವನ್ನು ನೋಡಬೇಕು. ಎತ್ತಿನ ಹೆಗಲಿಗೆಂದು ಮಾಡಿದ ನೊಗವು ಕುದುರೆಗೆ ಹೊಂದದು. ಸಾಧಾರಣ ಗಾತ್ರದ ಮೈಯಲ್ಲಿ ಭಾರಿ ಇಂಜಿನನ್ನು ಹೊತ್ತು 1960ರ ದಶಕದ ಅಮೆರಿಕದಲ್ಲಿ ಮೆರೆದ ‘ಮಸಲ್ ಕಾರು’ಗಳಿಗೆ ಈಚಿನ ಇಂಜಿನುಗಳನ್ನು ಕೂಡಿಸುವ ಹವ್ಯಾಸಿಗಳ ಸಮಸ್ಯೆಯೂ ಇಂಥದೇ.

1964ರ ಪಾಂಟಿಯಾಕ್ ಜಿ.ಟಿ.ಓ. ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎರಕದ ಕಬ್ಬಿಣದ ಇಂಜಿನು 389 ಘನ ಅಂಗುಲದ್ದು; ಘೋಷಿತ ಸಾಮರ್ಥ್ಯ 325 ಅಶ್ವಶಕ್ತಿ. 1997ರ ಮಾದರಿಯ ಕಾರ್ವೆಟ್ ಕಾರಿನೊಡನೆ ಬಂದ ಎಲ್.ಎಸ್.1 ಎಂಬ ಅಲ್ಯೂಮಿನಿಯಂ ಇಂಜಿನು 346 ಘನ ಅಂಗುಲದ್ದಾದರೂ 345 ಅಶ್ವಶಕ್ತಿಯುಳ್ಳದ್ದು. ವ್ಯತ್ಯಾಸವು ಇಪ್ಪತ್ತೇ ಎಂದು ವಾಚಕರು ಭಾವಿಸಬಾರದು. ಹಳೆಯ ಅಂಕಿಯು ಫ್ಯಾನು, ಸೈಲೆನ್ಸರು ಮೊದಲಾದ ಹೊರೆಗಳಿಲ್ಲದೆ ಇಂಜಿನನ್ನು ಓಡಿಸಿ ಅಳೆದದ್ದು. ಹೊಸದು ಅವುಗಳ ಸಮೇತ ಅಳೆದದ್ದು. ನಿಜವಾದ ಅಂತರ ಇನ್ನೂ ಹೆಚ್ಚು.

ಇಂಜಿನನ್ನು ಬೋಲ್ಟುಗಳಿಂದ ಬಿಗಿದ ಮಾತ್ರಕ್ಕೆ ಕೆಲಸ ಮುಗಿಯದು. ಪೆಟ್ರೋಲಿನ ಪೂರೈಕೆಯನ್ನೇ ನೋಡಿರಿ. ಹಳೆಯ ಕಾರ್ಬ್ಯುರೇಟರಿಗೆ ಚದರಂಗುಲಕ್ಕೆ 5ರಿಂದ 7 ಪೌಂಡು ಒತ್ತಡ ಸಾಕು. ಎಲ್.ಎಸ್.1 ಇಂಜಿನಾದರೋ ಪೆಟ್ರೋಲನ್ನು ತುಂತುರಾಗಿ ಚಿಮ್ಮಿಸತಕ್ಕದ್ದು. ಅದಕ್ಕೆ ಸುಮಾರು 58 ಪೌಂಡು ಬೇಕು. ಹಳೆಯ ಪಂಪು, ಕೊಳವೆಗಳು ಇದಕ್ಕೆ ಸಾಲವು. ಅಲ್ಲದೆ ಕಾರು ರಭಸದಿಂದ ತಿರುಗುವಾಗ ಜಡತ್ವದ ಕಾರಣ ಟ್ಯಾಂಕಿನ ಪೆಟ್ರೋಲು ಒಂದು ಪಕ್ಕಕ್ಕೆ ಸರಿದು, ಪಂಪು ಗಾಳಿಯನ್ನು ಹೀರಬಹುದು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದಿರುವ ಪೆಟ್ರೋಲು ಅಂಥ ಕ್ಷಣವನ್ನು ನಿಭಾಯಿಸುತ್ತದೆ. ಹೊಸ ಇಂಜಿನಿಗೆ ಈ ಬಟ್ಟಲಿಲ್ಲ; ಆದುದರಿಂದ ಟ್ಯಾಂಕಿನೊಳಗೆ ತಡೆಹಲಗೆಗಳನ್ನು ಕೂಡಿಸಬೇಕಾಗುತ್ತದೆ. ಇನ್ನು ಕಿಡಿಯ ಕಾಲವನ್ನೂ ಪೆಟ್ರೋಲಿನ ಪ್ರಮಾಣವನ್ನೂ ನಿರ್ಧರಿಸುವುದು ಒಂದು ಪುಟ್ಟ ಗಣಕಯಂತ್ರ. ಅದಕ್ಕೆ ವರದಿಯೊಪ್ಪಿಸುವ ಸಂವೇದಕಗಳು, ಅವುಗಳ ತಂತಿಗಳು, ಎಲ್ಲವೂ ಇಂಜಿನಿನೊಡನೆಯೇ ಬರಬೇಕು.

ಇವೆಲ್ಲಕ್ಕಿಂತ ಗಂಭೀರವಾದುದು ಕಾರನ್ನು ನಿಲ್ಲಿಸುವ ಪ್ರಶ್ನೆ. ಚಲನಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. ಗಂಟೆಗೆ 60 ಮೈಲಿಯ ವೇಗವು 90ಕ್ಕೇರಿದರೆ ವೇಗವೇನೋ ಒಂದೂವರೆ ಪಟ್ಟು. ಶಕ್ತಿಯಾದರೋ ಎರಡೂಕಾಲು ಪಟ್ಟು. ನಿಲ್ಲಿಸುವಾಗ ಅದರ ಬಹುಭಾಗ ಬ್ರೇಕಿನಲ್ಲಿ ಉಷ್ಣವಾಗಿ ಪರಿಣಮಿಸುತ್ತದೆ. ಆ ಪಾಂಟಿಯಾಕಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ. ಕಾದ ಡ್ರಮ್ಮು ಹಿಗ್ಗಿ ಒಳಗಿನ ಷೂಗಳಿಂದ ದೂರ ಸರಿಯುತ್ತದೆ. ಅತಿಯಾಗಿ ಕಾದಾಗ ಘರ್ಷಣೆಯೂ ಕುಗ್ಗುತ್ತದೆ. ಆಗ ಪೆಡಲನ್ನು ಎಷ್ಟು ಅದುಮಿದರೂ ಕಾರು ಬೇಗ ನಿಲ್ಲದು.

ಆದುದರಿಂದ ಇಂಜಿನಿಗೆ ಮೊದಲು ಬ್ರೇಕನ್ನು ಬದಲಿಸುವುದೇ ವಿವೇಕ. ಗಾಳಿಗೆ ತೆರೆದಿರುವ ಡಿಸ್ಕ್ ಬ್ರೇಕು ಬೇಗ ತಣಿಯುತ್ತದೆ. ಕಾದು ಹಿಗ್ಗಿದರೂ ಅದರ ಹಿಡಿತ ಸಡಿಲಗೊಳ್ಳುವುದಿಲ್ಲ. ಓಡುವ ಶಕ್ತಿಯನ್ನು ಹೆಚ್ಚಿಸುವವನು ನಿಲ್ಲುವ ಶಕ್ತಿಯನ್ನು ಅದಕ್ಕೂ ಮೊದಲೇ ಹೆಚ್ಚಿಸಿರಬೇಕು.